‘ನಂಗೇ ಬರೂದಿಲ್ಲ’ ಅನ್ನುವ ಮೊದಲು ಒಂದು ಬಗ್ ರಿಪೋರ್ಟ್

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಕಂಪ್ಯೂಟರಿನ ಮುಂದೆ ಕೂತವರ ಬಾಯಲ್ಲಿ ಒಂದು ಮಾತು ಆಗಾಗ ಕೇಳ್ತದೆ: ‘ಎಂತದೋ ಆಯ್ತು, ನಂಗೇ ಬರೂದಿಲ್ಲ ಇದು.’ ಸೊಸೈಟಿಯ ಸಭೆ ನಡಾವಳಿ ಟೈಪ್ ಮಾಡುವವರು ಹೇಳ್ತಾರೆ. ಪ್ರಶ್ನೆಪತ್ರಿಕೆ ತಯಾರು ಮಾಡುವ ಟೀಚರ್ ಹೇಳ್ತಾರೆ. ಮಿರ್ಜಾನ ಕೋಟೆ ನೋಡಲು ಬರುವವರಿಗೆ ರೂಮು ಕೊಡುವವರು, ಮೇಲ್‌ನಲ್ಲಿ ಬುಕಿಂಗ್ ಖಾತ್ರಿ ಮಾಡುವಾಗ ಹೇಳ್ತಾರೆ. ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ನೀವೂ ಒಮ್ಮೆಯಾದರೂ ಹೇಳಿರ್ತೀರಿ.

ಹೀಗೆ ಹೇಳಿದವರು ತಪ್ಪು ತಮ್ಮದೇ ಅಂತ ಒಪ್ಪಿಕೊಂಡು ಸುಮ್ಮನಾಗ್ತಾರೆ. ಎಷ್ಟೋ ಸಲ ತಪ್ಪು ಅವರದ್ದಾಗಿರುವುದಿಲ್ಲ, ಎದುರಿಗಿರುವ ತಂತ್ರಾಂಶದ್ದಾಗಿರ್ತದೆ. ದುಡ್ಡು ಕೊಟ್ಟು ಕೊಂಡ ತಂತ್ರಾಂಶವಾದರೆ ಕಸ್ಟಮರ್ ಕೇರ್‌ಗೆ ಬೈಯಬಹುದು. ಲಿಬ್ರೆ ಆಫೀಸ್, ಥಂಡರ್‌ಬರ್ಡ್‌ನಂಥ ಮುಕ್ತ ತಂತ್ರಾಂಶದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇದೆ. ಅದನ್ನು ಮಾಡಿದವರ ಎದುರಿಗೇ, ಎಲ್ಲರಿಗೂ ಕಾಣುವ ಹಾಗೆ, ದೂರು ಬರೆದಿಡಬಹುದು. ಅದಕ್ಕೆ ಬಗ್ ರಿಪೋರ್ಟ್ ಅಂತಾರೆ. ಕೋಡ್ ಬರೆಯಲು ಬರಬೇಕಿಲ್ಲ, ನಯಾ ಪೈಸೆ ಖರ್ಚಿಲ್ಲ. ಬೇಕಾದದ್ದು ಅರ್ಧ ಗಂಟೆ ಮತ್ತು ಸ್ವಲ್ಪ ತಾಳ್ಮೆ.

ಕೆಟ್ಟು ಹೋಗಿಲ್ಲ, ಆದರೂ ಕಷ್ಟ

ಬಗ್ ಅಂದರೆ ಪ್ರೋಗ್ರಾಂ ದಢಕ್ಕನೆ ಮುಚ್ಚಿಕೊಳ್ಳುವುದು, ಫೈಲು ಹಾಳಾಗುವುದು ಅಂತ ನಮ್ಮ ಕಲ್ಪನೆ. ಅಂಥದ್ದನ್ನು ಯಾರಾದರೂ ಬೇಗ ಹೇಳಿಬಿಡ್ತಾರೆ. ಇನ್ನೊಂದು ಜಾತಿ ಇದೆ. ಪ್ರೋಗ್ರಾಂ ಸರಿಯಾಗೇ ನಡೀತಿರ್ತದೆ, ಬರೆದವನ ಲೆಕ್ಕದಲ್ಲಿ ಎಲ್ಲ ಸರಿ. ಬಳಸುವವನಿಗೆ ಮಾತ್ರ ಯಾವ ಬಟನ್ ಒತ್ತಬೇಕೋ ತಿಳಿಯುವುದಿಲ್ಲ, ಒತ್ತಿದರೆ ಬೇರೇನೋ ಆಗ್ತದೆ, ಆದದ್ದು ಏನು ಅಂತಲೂ ಗೊತ್ತಾಗುವುದಿಲ್ಲ. ಇದು ಬಳಕೆಯ ಬಗ್.

ಡೇವಿಡ್ ನಿಕೋಲ್ಸ್ ಮತ್ತು ಮೈಕೆಲ್ ಟ್ವಿಡೇಲ್ ಎಂಬ ಇಬ್ಬರು ಸಂಶೋಧಕರು 2003ರಲ್ಲೇ ಮುಕ್ತ ತಂತ್ರಾಂಶದ ಈ ಸಮಸ್ಯೆಯ ಬಗ್ಗೆ ಲೇಖನ ಬರೆದಿದ್ದರು. ಡೆವಲಪರ್‌ಗಳು ಮುಖ್ಯವಾಗಿ ತಮಗಾಗಿ, ತಮ್ಮಂಥವರಿಗಾಗಿ ಬರೀತಾರೆ. ತಮಗೆ ಸಲೀಸಾದದ್ದು ಮತ್ತೊಬ್ಬರಿಗೆ ಕಷ್ಟ ಅನ್ನುವುದು ಅವರ ಕಣ್ಣಿಗೇ ಬೀಳುವುದಿಲ್ಲ. ಕಷ್ಟಪಟ್ಟವರಿಗೋ, ಹೇಳುವುದು ಎಲ್ಲಿ, ಹೇಗೆ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಇಂಥ ತೊಂದರೆಗಳು ವರ್ಷಗಟ್ಟಲೆ ಹಾಗೇ ಉಳೀತಾವೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಹೆಚ್ಚು. ತಂತ್ರಾಂಶ ಬರೆಯುವ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ನಾವು ಹೇಳದಿದ್ದರೆ ಅವರ ಪಾಲಿಗೆ ಆ ತೊಂದರೆ ಇಲ್ಲವೇ ಇಲ್ಲ. ನಾಲ್ಕು ಉದಾಹರಣೆ ನೋಡಿ.

ಒಂದು: ‘ಲಗತ್ತು’ ಗೊತ್ತಿಲ್ಲದ ಥಂಡರ್‌ಬರ್ಡ್

ಥಂಡರ್‌ಬರ್ಡ್‌ನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಮೇಲ್‌ನಲ್ಲಿ ‘ಅಟ್ಯಾಚ್ಡ್’ ಅಂತೆಲ್ಲ ಇಂಗ್ಲಿಷಿನಲ್ಲಿ ಬರೆದು ಫೈಲು ಸೇರಿಸದೆ ಕಳಿಸಲು ಹೊರಟರೆ, ‘ಫೈಲು ಮರೆತಿರಾ?’ ಅಂತ ಕೇಳ್ತದೆ. ಕೆಲಸಕ್ಕೆ ಅರ್ಜಿ ಹಾಕುವವರ ಮರ್ಯಾದೆ ಉಳಿಸುವ ಸೌಲಭ್ಯ ಇದು.

ಅದೇ ಮೇಲನ್ನು ಕನ್ನಡದಲ್ಲಿ ಬರೆಯಿರಿ: ‘ಕೊಟೇಶನ್ ಲಗತ್ತಿಸಿದ್ದೇನೆ.’ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಯಾಕೆಂದರೆ ಈ ಎಚ್ಚರಿಕೆ ನಿಂತಿರುವುದು ಒಂದು ಪದಪಟ್ಟಿಯ ಮೇಲೆ. ಇಂಗ್ಲಿಷ್ ಥಂಡರ್‌ಬರ್ಡ್‌ನ ಪಟ್ಟಿಯಲ್ಲಿ ಇಂಗ್ಲಿಷ್ ಪದಗಳಷ್ಟೇ ಇವೆ.

ಸೆಟಿಂಗ್ಸ್‌ನ ಕಂಪೋಸಿಶನ್ ಭಾಗಕ್ಕೆ ಹೋದರೆ ಆ ಪಟ್ಟಿಗೆ ನಮ್ಮ ಪದ ಸೇರಿಸಬಹುದು. ಸರಿ, ‘ಲಗತ್ತು’ ಅಂತ ಸೇರಿಸಿದಿರಿ ಅನ್ನಿ. ಆದರೆ ನಾವು ಬರೆಯುವುದು ‘ಲಗತ್ತಿಸಿದ್ದೇನೆ’, ‘ಲಗತ್ತಿಸಲಾಗಿದೆ’, ‘ಲಗತ್ತಿನಲ್ಲಿದೆ’. ಕನ್ನಡದಲ್ಲಿ ಪ್ರತ್ಯಯ ಸೇರಿದ ಕೂಡಲೇ ಪದದ ಕೊನೆ ಬದಲಾಗ್ತದೆ, ‘ತ್ತು’ ಹೋಗಿ ‘ತ್ತಿ’ ಬರ್ತದೆ. ‘ಲಗತ್ತು’ ಅನ್ನುವುದು ‘ಲಗತ್ತಿಸಿದ್ದೇನೆ’ ಒಳಗೆ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಒಂದೊಂದು ರೂಪವನ್ನೂ ಬೇರೆ ಬೇರೆಯಾಗಿ ಸೇರಿಸಬೇಕು. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದವರಿಗೆ ಇದು ಹೊಳೆಯುವುದು ಕಷ್ಟ. ಕನ್ನಡ ಬಲ್ಲವರು ಎರಡು ಸಾಲು ಬರೆದರೆ ಹೊಳೀತದೆ.

ಎರಡು: ಮೇಲ್ ಹೋಯ್ತೋ, ಇಲ್ವೋ?

ಮಳೆಗಾಲ, ನೆಟ್ ಕುಂಟುತ್ತಿದೆ. ದೊಡ್ಡದೊಂದು ಪಿಡಿಎಫ್ ಸೇರಿಸಿ ಮೇಲ್ ಕಳಿಸ್ತೀರಿ. ಪಟ್ಟಿ ತುಂಬಿತು, ಮತ್ತೆ ಇನ್ನೊಂದು ಪಟ್ಟಿ ಶುರುವಾಯ್ತು. ಆಮೇಲೆ ಒಂದು ಸಂದೇಶ ಬಂತು. ಅದರ ತಾತ್ಪರ್ಯ ಇಷ್ಟು: ಮೇಲ್ ಹೋಗಿದೆ, ಆದರೆ ಅದರ ಪ್ರತಿಯನ್ನು ಸೆಂಟ್ ಫೋಲ್ಡರಿನಲ್ಲಿ ಇಡಲಾಗಲಿಲ್ಲ.

ಒಳಗೆ ಆಗುವುದು ಹೀಗೆ. ಮೇಲ್ ಕಳಿಸುವುದು ಒಂದು ಕೆಲಸ, ಸರ್ವರಿನ ಸೆಂಟ್ ಫೋಲ್ಡರಿಗೆ ಪ್ರತಿ ಹಾಕುವುದು ಇನ್ನೊಂದು ಕೆಲಸ. ಸಾಮಾನ್ಯ ಐಮ್ಯಾಪ್ ಖಾತೆಯಲ್ಲಿ ಅದೇ ಫೈಲು ಎರಡು ಸಲ ಮೇಲೇರಬೇಕಾಗ್ತದೆ. ಮೊದಲನೆಯದು ಮುಗಿದು ಎರಡನೆಯದರ ಹೊತ್ತಿಗೆ ನೆಟ್ ಹೋದರೆ ಈ ಸಂದೇಶ. ಅವಸರದಲ್ಲಿದ್ದವರ ಕಣ್ಣಿಗೆ ‘ಆಗಲಿಲ್ಲ’ ಅನ್ನುವುದೊಂದೇ ಬೀಳ್ತದೆ. ಮತ್ತೆ ಕಳಿಸ್ತಾರೆ. ಆ ಕಡೆಯವರಿಗೆ ಅದೇ ಕೊಟೇಶನ್ ಎರಡು ಸಲ, ಮೂರು ಸಲ ಮುಟ್ಟುತ್ತದೆ.

ತಾಂತ್ರಿಕವಾಗಿ ಸಂದೇಶದಲ್ಲಿ ಸುಳ್ಳಿಲ್ಲ. ಆದರೂ ಓದಿದವನು ತಪ್ಪು ಕೆಲಸ ಮಾಡ್ತಾನೆ. ಬಳಕೆಯ ಬಗ್ಗಿಗೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಇಂಥಲ್ಲಿ ರಿಪೋರ್ಟ್ ಬರೆಯುವಾಗ ‘ನೆಟ್ ಹೋಯ್ತು’ ಅನ್ನುವುದು ಮುಖ್ಯ ಅಲ್ಲ. ‘ಸಂದೇಶ ಓದಿ ನಾನು ಏನೆಂದುಕೊಂಡೆ, ಏನು ಮಾಡಿದೆ’ ಅನ್ನುವುದು ಮುಖ್ಯ.

ಮೂರು: ಒಂದೇ ಸಾಲಿಗೆ ಎರಡು ಫಾಂಟು

ಲಿಬ್ರೆ ಆಫೀಸಿನ ರೈಟರ್ ಪ್ರಪಂಚದ ಲಿಪಿಗಳನ್ನು ಮೂರು ಗುಂಪು ಮಾಡಿಟ್ಟುಕೊಂಡಿದೆ. ಇಂಗ್ಲಿಷಿನಂಥವು ಪಾಶ್ಚಾತ್ಯ, ಚೀನೀ-ಜಪಾನಿ-ಕೊರಿಯನ್ ಏಷ್ಯನ್, ಕನ್ನಡ, ಹಿಂದಿ, ಅರಬ್ಬಿಯಂಥವು ಸಂಕೀರ್ಣ ಲಿಪಿ. ಪ್ರತಿ ಗುಂಪಿಗೂ ಬೇರೆ ಫಾಂಟು, ಬೇರೆ ಗಾತ್ರ, ಬೇರೆ ಭಾಷೆ. ನಾವು ‘ಬೆಂಗಳೂರು ಬ್ರಾಂಚಿನ ಇನ್‌ವಾಯ್ಸ್’ ಅಂತ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು ಬರೆದರೆ, ರೈಟರಿನ ಲೆಕ್ಕದಲ್ಲಿ ಅಲ್ಲಿ ಎರಡು ಪ್ರಪಂಚ ಇವೆ.

ಇದರಲ್ಲಿ ಲಾಭವೂ ಇದೆ. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಚಂದದ ಫಾಂಟು ಇಟ್ಟುಕೊಳ್ಳಬಹುದು. ತೊಂದರೆ ಏನೆಂದರೆ, ಮೇಲಿನ ಪಟ್ಟಿಯಲ್ಲಿ ಕಾಣುವುದು ಒಂದೇ ಫಾಂಟ್ ಪೆಟ್ಟಿಗೆ, ಒಂದೇ ಗಾತ್ರದ ಪೆಟ್ಟಿಗೆ. ಅದರಲ್ಲಿ 14 ಅಂತ ಒತ್ತಿದಾಗ ಬದಲಾದದ್ದು ಯಾವ ಲಿಪಿಯ ಗಾತ್ರ ಅಂತ ಹೊಸಬರಿಗೆ ಹೇಗೆ ತಿಳೀಬೇಕು? ಟೂಲ್ಸ್‌ನಲ್ಲಿ ಆಪ್ಷನ್ಸ್, ಅದರೊಳಗೆ ಭಾಷೆಯ ಸೆಟಿಂಗ್ಸ್ ತನಕ ಹೋಗಿ ಸಂಕೀರ್ಣ ಲಿಪಿ ಅನ್ನುವುದನ್ನು ಕಂಡವರಿಗೆ ಮಾತ್ರ ಗುಟ್ಟು ಗೊತ್ತು. ‘ಸಂಕೀರ್ಣ ಲಿಪಿ’ ಅಂದರೆ ತನ್ನ ಕನ್ನಡವೇ ಅಂತ ಸೊಸೈಟಿಯ ಗುಮಾಸ್ತರು ಊಹಿಸಬೇಕು ಅನ್ನುವುದು ಜಾಸ್ತಿಯಾಯ್ತು.

ನಾಲ್ಕು: ಕರೆಂಟು ಹೋಗುವ ಊರಿಗೆ ಹತ್ತು ನಿಮಿಷ

ರೈಟರ್ ತಾನಾಗಿ ರಕ್ಷಣೆಯ ಪ್ರತಿ ಇಡುವುದು ಮೊದಲೇ ಇರುವ ಸೆಟಿಂಗ್ ಪ್ರಕಾರ ಹತ್ತು ನಿಮಿಷಕ್ಕೊಮ್ಮೆ. ಥಂಡರ್‌ಬರ್ಡ್ ಬರೆಯುತ್ತಿರುವ ಮೇಲನ್ನು ಐದು ನಿಮಿಷಕ್ಕೊಮ್ಮೆ ಡ್ರಾಫ್ಟಿನಲ್ಲಿ ಇಡ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಆಷಾಢದ ಗಾಳಿಮಳೆಯಲ್ಲಿ, ಹತ್ತು ನಿಮಿಷದ ಟೈಪಿಂಗ್ ಹೋಗುವುದು ಸಣ್ಣ ನಷ್ಟವಲ್ಲ. ಇದು ಬಗ್ ಅಲ್ಲ, ಸೆಟಿಂಗ್. ಈಗಲೇ ಆಪ್ಷನ್ಸ್‌ನ ಲೋಡ್/ಸೇವ್ ಭಾಗಕ್ಕೆ ಹೋಗಿ ಎರಡು ನಿಮಿಷಕ್ಕೆ ಇಳಿಸಿಕೊಳ್ಳಿ. ಆದರೆ ‘ಮೊದಲೇ ಇರುವ ಸೆಟಿಂಗ್ ಬದಲಾಗಲಿ’ ಅಂತ ಕೇಳುವ ಹಕ್ಕು ಬಳಸುವವರಿಗೆ ಇದೆ. ಅಂಥ ಕೋರಿಕೆಗೆ ‘ಎನ್‌ಹ್ಯಾನ್ಸ್‌ಮೆಂಟ್’ ಅಂತ ಬೇರೆ ವರ್ಗವೇ ಇದೆ.

ಬಗ್ ಅಲ್ಲದ್ದು ಯಾವುದು?

ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ತೆರೆದಾಗ ಕನ್ನಡದ ಬದಲು ಚಿತ್ರವಿಚಿತ್ರ ರೋಮನ್ ಅಕ್ಷರ ಕಾಣ್ತದಲ್ಲ, ಅದಕ್ಕೆ ಲಿಬ್ರೆ ಆಫೀಸಿನ ಮೇಲೆ ದೂರು ಹಾಕಬೇಡಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಇಂಗ್ಲಿಷೇ. ಅದಕ್ಕೆ ಬೇಕಾದದ್ದು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದ್ದೇ ಜಾಗ ಇದೆ, ಫಾಂಟು ಯಾವುದಾದರೂ ಅಕ್ಷರ ಅದೇ.

ಯೂನಿಕೋಡ್‌ನಲ್ಲಿ ಬರೆದ ಪದವೇ ತಪ್ಪಾಗಿ ಕಂಡರೆ ಮಾತ್ರ ಅನುಮಾನ ಪಡಬೇಕು. ‘ಸೂರ್ಯ’ದಲ್ಲಿ ಅರ್ಕಾವತ್ತು ಬರ್ತದೆ. ‘ರ‍್ಯಾಂಕ್’ನಲ್ಲಿ ರ ಪೂರ್ತಿಯಾಗಿ ಉಳಿದು ಯ ಒತ್ತಾಗಬೇಕು. ಎರಡೂ ಕಡೆ ಅಕ್ಷರಗಳು ರ ಮತ್ತು ಯ. ವ್ಯತ್ಯಾಸ ತೋರಿಸಲು ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ, ಝೀರೋ ವಿಡ್ತ್ ಜಾಯ್ನರ್, ಹಾಕಬೇಕು. ಅದನ್ನು ಹಾಕಿಯೂ ತಪ್ಪಾಗಿ ಕಂಡರೆ ದೂರು ಫಾಂಟಿನದ್ದೋ, ಅಕ್ಷರ ಜೋಡಿಸುವ ಎಂಜಿನ್ನಿನದ್ದೋ ಇರಬಹುದು. ಫಾಂಟ್ ಬದಲಿಸಿ ನೋಡಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂದರೆ ಫಾಂಟ್ ಮಾಡಿದವರಿಗೆ ಹೇಳಬೇಕು. ಎಲ್ಲ ಫಾಂಟಿನಲ್ಲೂ ಒಂದೇ ತಂತ್ರಾಂಶದಲ್ಲಿ ತಪ್ಪು ಅಂದರೆ ಆ ತಂತ್ರಾಂಶಕ್ಕೆ ಹೇಳಬೇಕು. ಈ ಐದು ನಿಮಿಷದ ಪರೀಕ್ಷೆ ಮಾಡಿ ಬರೆದ ದೂರಿಗೆ ಬೆಲೆ ಜಾಸ್ತಿ.

ದೂರಿನ ಪುಸ್ತಕ ಎಲ್ಲಿದೆ?

ಅದರ ಹೆಸರು ಬಗ್‌ಝಿಲ್ಲಾ. 1998ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ಕೋಡ್ ಮುಕ್ತವಾದಾಗ, ಟೆರ್ರಿ ವೈಸ್‌ಮನ್ ಎಂಬ ಡೆವಲಪರ್ ಮೊಝಿಲ್ಲಾ ಯೋಜನೆಗಾಗಿ ಇದನ್ನು ಕಟ್ಟಿದರು. ಆ ಪುಸ್ತಕ ಇವತ್ತಿಗೂ ನಡೀತಿದೆ. ಥಂಡರ್‌ಬರ್ಡ್‌ನ ದೂರುಗಳು ಮೊಝಿಲ್ಲಾದ ಬಗ್‌ಝಿಲ್ಲಾಕ್ಕೆ ಹೋಗ್ತವೆ. ಲಿಬ್ರೆ ಆಫೀಸಿಗೆ ತನ್ನದೇ ಬೇರೆ ಬಗ್‌ಝಿಲ್ಲಾ ಇದೆ. ಲಿಬ್ರೆ ಆಫೀಸಿನ ಹೆಲ್ಪ್ ಮೆನುವಿನಲ್ಲೇ ‘ಸೆಂಡ್ ಫೀಡ್‌ಬ್ಯಾಕ್’ ಅಂತ ಇದೆ, ಅದನ್ನು ಒತ್ತಿದರೆ ದಾರಿ ಸಿಗ್ತದೆ.

ಈ ಎರಡರ ಹಿಂದೆ ಯಾರಿದ್ದಾರೆ ಅಂತಲೂ ತಿಳಿದಿರಲಿ. ಥಂಡರ್‌ಬರ್ಡ್ 1.0 ಬಂದದ್ದು 2004ರ ಡಿಸೆಂಬರಿನಲ್ಲಿ. 2020ರಿಂದ ಅದನ್ನು ನೋಡಿಕೊಳ್ಳುವುದು ಮೊಝಿಲ್ಲಾ ಫೌಂಡೇಶನ್‌ನ ಅಂಗಸಂಸ್ಥೆ ಎಂಝಡ್‌ಎಲ್‌ಎ ಟೆಕ್ನಾಲಜೀಸ್. ಅದು ಮುಖ್ಯವಾಗಿ ಬಳಸುವವರ ದೇಣಿಗೆಯಿಂದ ನಡೀತದೆ. ಲಿಬ್ರೆ ಆಫೀಸ್ 2010ರ ಸೆಪ್ಟೆಂಬರ್ 28ರಂದು ಓಪನ್ ಆಫೀಸಿನಿಂದ ಬೇರೆಯಾಯಿತು, ಅದರ ಹಿಂದಿರುವುದು ದಿ ಡಾಕ್ಯುಮೆಂಟ್ ಫೌಂಡೇಶನ್. ಎರಡೂ ಕಡೆ ದೂರು ಓದುವವರಲ್ಲಿ ಎಷ್ಟೋ ಜನ ಸ್ವಯಂಸೇವಕರು, ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ಓದುವವರು. ಇದು ನೆನಪಿದ್ದರೆ ಬರೆಯುವ ಧಾಟಿ ತಾನಾಗಿ ಸರಿಹೋಗ್ತದೆ.

ಹೇಗೆ ಬರೆಯೋದು?

ರಿಪೋರ್ಟ್ ಇಂಗ್ಲಿಷಿನಲ್ಲಿ ಇರಬೇಕು, ಆದರೆ ಸಾಹಿತ್ಯ ಬೇಡ. ಸಣ್ಣ ಸಣ್ಣ ವಾಕ್ಯ ಸಾಕು. ಕ್ರಮ ಹೀಗಿರಲಿ:

1. ಮೊದಲು ಹುಡುಕಿ. ಅದೇ ದೂರು ಈಗಾಗಲೇ ಇದ್ದರೆ ಹೊಸದು ಹಾಕಬೇಡಿ. ಅದರಲ್ಲೇ ‘ನನಗೂ ಹೀಗಾಗ್ತದೆ’ ಅಂತ ಮಾತ್ರ ಬರೆದು ಹೋಗಬೇಡಿ, ಹೊಸ ಮಾಹಿತಿ ಇದ್ದರೆ ಸೇರಿಸಿ. ‘ಕನ್ನಡದಲ್ಲೂ ಆಗ್ತದೆ, ಈ ಆವೃತ್ತಿಯಲ್ಲಿ’ ಅನ್ನುವುದು ಹೊಸ ಮಾಹಿತಿ.

2. ಸೇಫ್ ಮೋಡ್‌ನಲ್ಲಿ ನೋಡಿ. ಲಿಬ್ರೆ ಆಫೀಸಿನ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್ ಇದೆ, ಥಂಡರ್‌ಬರ್ಡ್‌ನಲ್ಲಿ ಅದಕ್ಕೆ ಟ್ರಬಲ್‌ಶೂಟ್ ಮೋಡ್ ಅಂತ ಹೆಸರು. ಅಲ್ಲಿ ತೊಂದರೆ ಮಾಯವಾದರೆ, ಕಾರಣ ನೀವು ಹಾಕಿಕೊಂಡ ಆಡ್-ಆನ್ ಅಥವಾ ನಿಮ್ಮ ಸೆಟಿಂಗ್ ಇರಬಹುದು.

3. ಒಂದು ರಿಪೋರ್ಟಿನಲ್ಲಿ ಒಂದೇ ತೊಂದರೆ. ಐದು ದೂರನ್ನು ಒಂದೇ ಪತ್ರದಲ್ಲಿ ಬರೆದರೆ ಒಂದೂ ಬಗೆಹರಿಯುವುದಿಲ್ಲ.

4. ತಲೆಬರಹದಲ್ಲೇ ವಿಷಯ ಬರಲಿ. ‘ಕನ್ನಡ ಸರಿ ಬರ್ತಿಲ್ಲ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಖಾಲಿ ಪ್ಯಾರಾದಲ್ಲಿ ಗಾತ್ರ 14 ಆರಿಸಿ ಟೈಪ್ ಮಾಡಿದರೆ ಇಂಗ್ಲಿಷ್ 14ರಲ್ಲಿ, ಕನ್ನಡ 12ರಲ್ಲಿ ಬರುತ್ತದೆ’ ಅಂದರೆ ಕೆಲಸ ಅರ್ಧ ಮುಗೀತು.

5. ಹೆಜ್ಜೆ ಹೆಜ್ಜೆಯಾಗಿ ಹೇಳಿ. ಹೊಸ ಕಡತ ತೆರೆದೆ, ಇದನ್ನು ಒತ್ತಿದೆ, ಇದನ್ನು ಟೈಪ್ ಮಾಡಿದೆ. ಅಡುಗೆ ಹೇಳಿಕೊಟ್ಟ ಹಾಗೆ. ಕನ್ನಡ ಗೊತ್ತಿಲ್ಲದ ಜರ್ಮನಿಯವನೂ ಅದನ್ನೇ ಮಾಡಿ ನೋಡುವ ಹಾಗಿರಬೇಕು. ಹಾಗಾಗಿ ಕನ್ನಡ ಪಠ್ಯವನ್ನು ಚಿತ್ರವಾಗಿ ಅಷ್ಟೇ ಕೊಡಬೇಡಿ, ಅವನು ನಕಲು ಮಾಡಿಕೊಳ್ಳಲು ಬರುವ ಹಾಗೆ ಅಕ್ಷರದಲ್ಲೂ ಕೊಡಿ.

6. ಏನಾಗಬೇಕಿತ್ತು, ಏನಾಯ್ತು. ಈ ಎರಡನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬಳಕೆಯ ಬಗ್‌ನಲ್ಲಿ ಮೂರನೆಯದೂ ಬೇಕು: ಇದರಿಂದ ಯಾರಿಗೆ, ಏನು ನಷ್ಟ. ‘ನಡಾವಳಿ ಪ್ರಿಂಟ್ ಆದ ಮೇಲೆ ಗೊತ್ತಾಯ್ತು, ನಲವತ್ತು ಪ್ರತಿ ಮತ್ತೆ ತೆಗೆಯಬೇಕಾಯ್ತು’ ಅನ್ನುವ ಒಂದು ಸಾಲು ಹತ್ತು ವಿಶೇಷಣಕ್ಕಿಂತ ಹೆಚ್ಚು.

7. ಆವೃತ್ತಿ ಮರೆಯಬೇಡಿ. ಲಿಬ್ರೆ ಆಫೀಸಿನ ಹೆಲ್ಪ್ ಮೆನುವಿನಲ್ಲಿ ‘ಅಬೌಟ್’ ಒತ್ತಿದರೆ ಎಲ್ಲ ವಿವರ ನಕಲು ಮಾಡುವ ಬಟನ್ನೇ ಇದೆ. ಥಂಡರ್‌ಬರ್ಡ್‌ನಲ್ಲಿ ಟ್ರಬಲ್‌ಶೂಟಿಂಗ್ ಮಾಹಿತಿಯ ಪುಟ ಇದೆ. ಇದು ಯಾಕೆ ಮುಖ್ಯ ಅಂದರೆ ಮುಖಪುಟವೇ ಬದಲಾಗ್ತಿರ್ತದೆ. ಥಂಡರ್‌ಬರ್ಡ್ 2023ರ ಜುಲೈಯಲ್ಲಿ ಬಂದ 115ನೇ ಆವೃತ್ತಿಯಲ್ಲಿ ಹೊಸ ರೂಪ ತಾಳಿತು. ಲಿಬ್ರೆ ಆಫೀಸ್ 2019ರ 6.2ರಿಂದ ಟ್ಯಾಬ್ ಇರುವ ಪಟ್ಟಿಯನ್ನೂ ಕೊಡ್ತಿದೆ. ನೀವು ನೋಡುತ್ತಿರುವ ಬಟನ್ ಅವರ ಪರದೆಯಲ್ಲಿ ಬೇರೆ ಕಡೆ ಇರಬಹುದು.

8. ಮಾದರಿ ಫೈಲು ಕೊಡಿ, ಅಸಲಿ ಫೈಲು ಬೇಡ. ಇಲ್ಲಿ ಹಾಕಿದ್ದು ಸಾರ್ವಜನಿಕ, ವರ್ಷಗಟ್ಟಲೆ ಉಳೀತದೆ. ಆಧಾರ್ ಸಂಖ್ಯೆ, ಸದಸ್ಯರ ಹೆಸರು, ಸಾಲದ ಲೆಕ್ಕ, ಯಾರದೋ ಇಮೇಲ್ ಇರುವ ಕಡತ ಹಾಕಲೇಬಾರದು. ಅದೇ ತೊಂದರೆ ತೋರಿಸುವ ಎರಡು ಸಾಲಿನ ಹೊಸ ಕಡತ ಮಾಡಿ. ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಇನ್‌ಬಾಕ್ಸ್ ಇಣುಕುತ್ತಿದೆಯಾ ಅಂತಲೂ ನೋಡಿ. ಖಾತೆ ತೆರೆದ ಇಮೇಲ್ ವಿಳಾಸ ಇತರರಿಗೆ ಕಾಣಬಹುದು, ಆಫೀಸಿನ ವಿಳಾಸ ಬಳಸದಿದ್ದರೆ ಒಳ್ಳೆಯದು.

ಕಳಿಸಿದ ಮೇಲೆ

ಲಿಬ್ರೆ ಆಫೀಸಿನಲ್ಲಿ ಹೊಸ ದೂರಿಗೆ ‘ಅನ್‌ಕನ್ಫರ್ಮ್ಡ್’ ಅಂತ ಹಣೆಪಟ್ಟಿ ಬೀಳ್ತದೆ. ಬೇರೊಬ್ಬರು ತಮ್ಮ ಯಂತ್ರದಲ್ಲಿ ಅದನ್ನೇ ಮಾಡಿ ನೋಡಿ ಹೌದು ಅಂದರೆ ‘ನ್ಯೂ’ ಆಗ್ತದೆ. ಮಾಹಿತಿ ಸಾಲದಿದ್ದರೆ ‘ನೀಡ್‌ಇನ್ಫೋ’. ಇಲ್ಲಿ ನಮ್ಮ ಜನ ಸೋಲ್ತಾರೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟರೆ ಕೆಲವು ತಿಂಗಳ ಮೇಲೆ ದೂರು ಮುಚ್ಚಿಹೋಗ್ತದೆ. ಬಗ್‌ಝಿಲ್ಲಾದಿಂದ ಮೇಲ್ ಬಂದರೆ ತೆರೆದು ನೋಡಿ.

‘ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತು’ ಅಂತ ನಿಮಗೆ ಖಚಿತ ಇದ್ದರೆ ಅದನ್ನು ಬರೆಯಲೇಬೇಕು. ಅದಕ್ಕೆ ರಿಗ್ರೆಶನ್ ಅಂತಾರೆ, ಕಂಡುಹಿಡಿಯಲು ಸುಲಭ. ಸರಿ ಇದ್ದ ಆವೃತ್ತಿ ಮತ್ತು ಕೆಟ್ಟ ಆವೃತ್ತಿಯ ನಡುವೆ ಸಾವಿರ ಬದಲಾವಣೆ ಆಗಿವೆ ಅನ್ನಿ. ನಡುವಿನದ್ದನ್ನು ಪರೀಕ್ಷಿಸಿದರೆ ಅರ್ಧ ಕಳೀತು. ಉಳಿದರ್ಧದ ನಡುವಿನದ್ದು, ಮತ್ತೆ ಅರ್ಧ. ಹತ್ತು ಸಲ ಹೀಗೆ ಮಾಡಿದರೆ ತಪ್ಪಿತಸ್ಥ ಬದಲಾವಣೆ ಸಿಕ್ಕಿಬೀಳ್ತದೆ. ಲಿಬ್ರೆ ಆಫೀಸಿನ ಸ್ವಯಂಸೇವಕರು ಇದಕ್ಕಾಗಿಯೇ ಹಳೇ ಆವೃತ್ತಿಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದಾರೆ, ಈ ಕೆಲಸಕ್ಕೆ ಬೈಬೈಸೆಕ್ಟ್ ಅಂತ ಹೆಸರು. ಕೋಡ್ ಬರೆಯಲು ಬಾರದವರೂ ಇದನ್ನು ಮಾಡಬಹುದು.

ಬಳಕೆಯ ಬಗ್‌ಗೆ ಇಷ್ಟು ಸಲೀಸಾದ ದಾರಿ ಇಲ್ಲ, ಚರ್ಚೆ ಆಗ್ತದೆ. ‘ಲಕ್ಷ್ಮೀ’ ಅಂತ ಬರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ದೀರ್ಘ ಮಾತ್ರ ಅಳಿಯಬೇಕೋ, ಇಡೀ ‘ಕ್ಷ್ಮೀ’ ಹೋಗಬೇಕೋ? ವೇಗವಾಗಿ ಟೈಪ್ ಮಾಡುವವರು ದೀರ್ಘ ಮಾತ್ರ ಅಂತಾರೆ, ಹೊಸಬರು ಕಣ್ಣಿಗೆ ಒಂದಾಗಿ ಕಂಡದ್ದು ಒಟ್ಟಿಗೇ ಹೋಗಲಿ ಅಂತಾರೆ. ಇಬ್ಬರೂ ಸರಿಯೇ. ಇಂಥವನ್ನು ಲಿಬ್ರೆ ಆಫೀಸಿನ ವಿನ್ಯಾಸ ತಂಡ ನೋಡ್ತದೆ. ಅಲ್ಲಿ ನಿಮ್ಮ ಮಾತು ನಡೆಯದೇ ಹೋಗಬಹುದು, ‘ನಾಟ್ ಎ ಬಗ್’ ಅಂತ ಮುಚ್ಚಲೂಬಹುದು. ಒಪ್ಪಿಗೆ ಇಲ್ಲದಿದ್ದರೆ ಒಮ್ಮೆ ಶಾಂತವಾಗಿ, ಹೊಸ ಕಾರಣ ಕೊಟ್ಟು ಬರೆಯಿರಿ. ಕಾರಣ ಹೊಸದಲ್ಲದಿದ್ದರೆ ಮತ್ತೆ ಮತ್ತೆ ಬರೆಯಬೇಡಿ. ‘ಇಷ್ಟು ಸಣ್ಣದನ್ನೂ ಮಾಡಲಾಗದಾ’ ಅನ್ನುವ ಮಾತು ರಾತ್ರಿ ಹನ್ನೊಂದಕ್ಕೆ ಪುಕ್ಕಟೆ ಕೆಲಸ ಮಾಡುತ್ತಿರುವವನ ಕಿವಿಗೆ ಹೇಗೆ ಕೇಳೀತು, ಯೋಚಿಸಿ.

ಎಷ್ಟು ದಿನ ಕಾಯಬೇಕು? ಕೆಲವು ವಾರದಲ್ಲಿ ಸರಿಯಾಗ್ತವೆ, ಕೆಲವು ವರ್ಷಗಳೇ ಕಾಯ್ತವೆ. ಹಳೇ ದೂರುಗಳ ಮೇಲೆ ‘ಈಗಿನ ಆವೃತ್ತಿಯಲ್ಲೂ ಹೀಗೇ ಆಗ್ತದಾ?’ ಅಂತ ವಿಚಾರಿಸುವ ಸಂದೇಶ ಬರ್ತದೆ. ಅದು ದೂರು ಜೀವಂತ ಇಡುವ ಅವಕಾಶ. ಪರೀಕ್ಷಿಸಿ, ಒಂದು ಸಾಲು ಉತ್ತರ ಬರೆಯಿರಿ.

ಚೌತಿಗೆ ಊರಿಗೆ ಬಂದಾಗ

ಬಗ್ ಹುಡುಕಲು ನಿಮಗಿಂತ ಒಳ್ಳೆಯವರು ನಿಮ್ಮ ಮನೆಯಲ್ಲೇ ಇದ್ದಾರೆ. ನಿಮಗೆ ಅಡ್ಡದಾರಿಗಳೆಲ್ಲ ಅಭ್ಯಾಸವಾಗಿವೆ. ಅಪ್ಪ, ಅತ್ತೆ, ಪಕ್ಕದ ಮನೆಯ ನಿವೃತ್ತ ಮಾಸ್ತರು, ಇವರಿಗೆ ಇಲ್ಲ. ಬಳಕೆಯ ವಿಷಯದಲ್ಲಿ ಹೆಸರು ಮಾಡಿದ ಜೇಕಬ್ ನೀಲ್ಸನ್ 2000ರಲ್ಲಿ ಬರೆದ ಲೇಖನದ ಸಾರ ಇದು: ಐದೇ ಜನರನ್ನು ಕೂರಿಸಿ ನೋಡಿದರೂ ಹೆಚ್ಚಿನ ತೊಂದರೆಗಳು ಹೊರಬೀಳ್ತವೆ. ಒಂದು ಮನೆ, ಒಂದು ಪಕ್ಕದ ಮನೆ ಸೇರಿದರೆ ಐದು ಜನ ಆಯ್ತು.

ಮಾಡುವುದು ಇಷ್ಟೇ. ಒಂದು ಕೆಲಸ ಕೊಡಿ: ‘ಈ ಪತ್ರ ಟೈಪ್ ಮಾಡಿ, ಪಿಡಿಎಫ್ ಮಾಡಿ, ಮೇಲ್ ಕಳಿಸಿ.’ ಆಮೇಲೆ ಕೈ ಕಟ್ಟಿ ಕೂರಿ. ‘ತಮಾ, ಇದೆಲ್ಲಿ ಹೋಯ್ತೋ, ನೋಡು’ ಅಂದಾಗ ಮೌಸ್ ಕಿತ್ತುಕೊಳ್ಳಲು ಕೈ ತುರಿಸ್ತದೆ. ತಡೆದುಕೊಳ್ಳಿ. ‘ನೀವು ಎಲ್ಲಿರಬೇಕು ಅಂದುಕೊಂಡ್ರಿ?’ ಅಂತ ಮಾತ್ರ ಕೇಳಿ. ಅವರು ತೋರಿಸಿದ ಜಾಗ, ಹೇಳಿದ ಮಾತು, ನಿಂತ ಹೊತ್ತು ಗುರುತು ಹಾಕಿಕೊಳ್ಳಿ. ಇಬ್ಬರು ಮೂವರು ಅದೇ ಜಾಗದಲ್ಲಿ ಎಡವಿದರೆ, ದೂರು ಬರೆಯಲು ನಿಮಗೆ ಅದಕ್ಕಿಂತ ಗಟ್ಟಿ ಆಧಾರ ಬೇಡ. ಅವರ ಹೆಸರು ಹಾಕಬೇಡಿ. ‘ಅರವತ್ತು ದಾಟಿದ, ದಿನವೂ ಕನ್ನಡದಲ್ಲಿ ಟೈಪ್ ಮಾಡುವ ಇಬ್ಬರು’ ಅಂದರೆ ಸಾಕು.

ಒಂದು ಎಚ್ಚರಿಕೆ. ಶುರು ಮಾಡುವ ಮೊದಲೇ ‘ಪರೀಕ್ಷೆ ನಿಮಗಲ್ಲ, ಕಂಪ್ಯೂಟರಿಗೆ’ ಅಂತ ಹೇಳಿಬಿಡಿ. ಇಲ್ಲದಿದ್ದರೆ ಮತ್ತದೇ ‘ನಂಗೇ ಬರೂದಿಲ್ಲ’ ಶುರುವಾಗ್ತದೆ.

ಹೇಳಿದ್ದರಿಂದ ಏನಾಗಿದೆ?

ಕನ್ನಡ ಕಂಪ್ಯೂಟರಿನಲ್ಲಿ ಇಷ್ಟು ಸಲೀಸಾಗಿ ಬರುತ್ತಿರುವುದು ತಾನಾಗಿ ಆದದ್ದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ದಾರಿಯಲ್ಲಿ ಬಂದ ಕಗಪ ವಿನ್ಯಾಸ ಇವತ್ತು ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಸಿಗ್ತದೆ. ಅರವಿಂದ ವಿ.ಕೆ. ಅವರು ಮಾಡಿದ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿವೆ. 2017ರ ಫೆಬ್ರವರಿಯಲ್ಲಿ ಬಂದ ಲಿಬ್ರೆ ಆಫೀಸ್ 5.3 ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಹಾರ್ಫ್‌ಬಝ್ ಎಂಬ ಒಂದೇ ಅಕ್ಷರ ಜೋಡಣೆಯ ಎಂಜಿನ್ ಬಳಸತೊಡಗಿತು. ಅದಕ್ಕೂ ಮೊದಲು ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಎಂಜಿನ್ ಇತ್ತು. ಅದೇ ಕಡತ ಮನೆಯಲ್ಲಿ ಒಂದು ಥರ, ಆಫೀಸಿನಲ್ಲಿ ಇನ್ನೊಂದು ಥರ ಕಾಣುವ ಸಾಧ್ಯತೆ ಹೆಚ್ಚಿತ್ತು. ಹಾರ್ಫ್‌ಬಝ್‌ನ್ನೇ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಕೂಡ ಬಳಸ್ತವೆ. ಅಲ್ಲಿ ಕನ್ನಡದ ಒಂದು ಒತ್ತಕ್ಷರ ಸರಿಯಾದರೆ ನಿಮ್ಮ ಕೈಯಲ್ಲಿರುವ ಫೋನಿಗೂ ಅದರ ಫಲ ಮುಟ್ಟುತ್ತದೆ.

ನಮ್ಮ ಪಕ್ಕದ ಕಾಸರಗೋಡು ನೋಡಿ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ, ಈಗಿನ ಕೈಟ್ ಸಂಸ್ಥೆ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವುದು ಮುಕ್ತ ತಂತ್ರಾಂಶದಲ್ಲೇ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠಪುಸ್ತಕ ಕನ್ನಡದಲ್ಲೇ ಇದೆ. ರೈಟರಿನಲ್ಲಿ ಕನ್ನಡ ಟೈಪ್ ಮಾಡುವಾಗ ಎಡವುವುದು ನಮ್ಮೂರ ಸೊಸೈಟಿಯ ಗುಮಾಸ್ತರು ಮಾತ್ರ ಅಲ್ಲ, ಆ ಮಕ್ಕಳೂ ಹೌದು. ಮಿರ್ಜಾನದಿಂದ ಒಬ್ಬರು ಬರೆದ ದೂರು ಸರಿಹೋದರೆ ಕಾಸರಗೋಡಿನ ತರಗತಿಯಲ್ಲಿ ಒಂದು ಗಂಟೆ ಉಳೀತದೆ, ಅಮೆರಿಕದಲ್ಲಿ ಕನ್ನಡ ಕೂಟದ ಆಮಂತ್ರಣ ಟೈಪ್ ಮಾಡುವವರಿಗೂ ಉಳೀತದೆ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಅಘನಾಶಿನಿಯ ದಡದ ಮಿರ್ಜಾನದಿಂದ ಕಾಳುಮೆಣಸು ಹಡಗು ಹತ್ತುತ್ತಿತ್ತು. ಆ ವ್ಯಾಪಾರಕ್ಕೆ ಹಡಗು, ಬಂದರು, ಕೋಟೆ ಎಲ್ಲ ಬೇಕಿತ್ತು. ನಮ್ಮ ಕಷ್ಟವನ್ನು ಸಮುದ್ರದಾಚೆ ಮುಟ್ಟಿಸಲು ಈಗ ಒಂದು ಇಮೇಲ್ ಖಾತೆ ಸಾಕು. ಅದೂ ಆಗದಿದ್ದರೆ ಹೇಳದೇ ಇದ್ದದ್ದಕ್ಕೆ ಯಾರನ್ನು ದೂರುವುದು?

ಈ ವಾರ ಒಂದು ಕೆಲಸ ಮಾಡಿ. ನಿಮ್ಮನ್ನು ಹೆಚ್ಚು ಕಾಡಿದ ಒಂದೇ ಒಂದು ತೊಂದರೆ ಆರಿಸಿ, ಮೇಲಿನ ಎಂಟು ಹೆಜ್ಜೆ ಇಟ್ಟುಕೊಂಡು ಬರೆಯಿರಿ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆ ಇರುವ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ, ಅವರು ಹೇಳಲಿ, ನೀವು ಬರೆಯಿರಿ. ಥಂಡರ್‌ಬರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಕನ್ನಡದ ಯಾವ ಜಾಗದಲ್ಲಿ ನೀವು ಎಡವಿದ್ದೀರಿ ಅಂತ ಓದುಗರ ಅಂಕಣಕ್ಕೂ ನಾಲ್ಕು ಸಾಲು ಬರೆದು ಕಳಿಸಿ. ಎಡವಿದ ಕಲ್ಲು ಒಂದೇ ಅಂತ ಗೊತ್ತಾದರೆ, ದೂರು ಬರೆಯುವಾಗ ಜೊತೆಗೆ ಇನ್ನೊಬ್ಬರು ಸಿಕ್ಕ ಹಾಗಾಗ್ತದೆ.